ಉರ್ಸೀನುಸ್: ಕರಡಿಗೆ ಅಂಟಿದ ಒಂದು ವಿಶೇಷಣ

(ಹಿಟ್ನಾಳದಲ್ಲಿ ಬೆಟ್ಟಸೀಮೆಯ ಕಾರ್ಯಕರ್ತರು, ಶಿಕ್ಷಕರು ಮತ್ತು ರೈತರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಹಿಟ್ನಾಳದ ಸುತ್ತಿನ ಸೀಮೆಯಲ್ಲಿ ಸಂಜೆಯ ಹೊತ್ತು ಗುಡ್ಡದ ಬಂಡೆಗಳ ಸಂದಿಯಿಂದ ಕಪ್ಪು ಮೈಯ, ಜೋಲುತುಟಿಯ ಪ್ರಾಣಿಯೊಂದು ಇಳಿದು ಬಂದರೆ ಕುರಿಗಾಹಿಯೂ ಅದನ್ನು ಕರಡಿ ಎನ್ನುತ್ತಾನೆ, ಮೆಕ್ಕೆಜೋಳದ ಹೊಲ ಕಾಯುವ ರೈತನೂ ಕರಡಿ ಎನ್ನುತ್ತಾನೆ, ಶಾಲೆಗೆ ಹೋಗುವ ಮಗುವೂ ಕರಡಿ ಎನ್ನುತ್ತದೆ. ಈ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ಅದೇ ಪ್ರಾಣಿಯ ಶಾಸ್ತ್ರೀಯ ನಾಮ ಪುಸ್ತಕಗಳಲ್ಲಿಯೂ ಧಾಮಗಳ ಫಲಕಗಳಲ್ಲಿಯೂ ‘ಮೆಲುರ್ಸುಸ್ ಉರ್ಸೀನುಸ್’ ಎಂದಿರುತ್ತದೆ. ಕನ್ನಡದ ಪುಸ್ತಕಗಳು ಇದನ್ನು ಸಾಮಾನ್ಯವಾಗಿ ‘ಉರ್ಸಿನಸ್’ ಎಂದು ಬರೆಯುತ್ತವೆ. ಈ ಎರಡನೆಯ ಪದ ಒಂದು ಲ್ಯಾಟಿನ್ ವಿಶೇಷಣ. ಅದರ ಹುಟ್ಟು, ಅರ್ಥ ಮತ್ತು ವ್ಯಾಕರಣವೇ ಇಂದಿನ ಉಪನ್ಯಾಸದ ವಿಷಯ.

ಗುಡ್ಡಗಳನ್ನು ಉಳಿಸಿಕೊಳ್ಳುವ ಚಿಂತೆಯಲ್ಲಿರುವವರಿಗೆ ಸತ್ತ ಭಾಷೆಯೊಂದರ ವ್ಯಾಕರಣದಿಂದ ಏನಾಗಬೇಕು ಎಂಬ ಪ್ರಶ್ನೆ ಸಹಜವಾದುದು. ಉತ್ತರವನ್ನು ಆರಂಭದಲ್ಲಿಯೇ ಹೇಳುವುದು ಒಳಿತು. ಒಂದು ಜೀವಿಗೆ ಅಥವಾ ಒಂದು ನೆಲಕ್ಕೆ ಯಾರೋ ಒಬ್ಬರು ದೂರದಲ್ಲಿ ಕುಳಿತು ಒಂದು ವಿಶೇಷಣವನ್ನು ಹಚ್ಚುತ್ತಾರೆ. ಅದು ದಾಖಲೆಯನ್ನು ಸೇರುತ್ತದೆ. ಅನಂತರ ಬಂದವರು ಪ್ರಾಣಿಯನ್ನು ನೋಡದೆ, ನೆಲವನ್ನು ಮೆಟ್ಟದೆ, ದಾಖಲೆಯನ್ನೇ ಓದುತ್ತಾರೆ. ಕರಡಿಗೆ ಅಂಟಿದ ವಿಶೇಷಣದ ಕಥೆ ಇಂಥದು. ಅದು ವಾಸಿಸುವ ಗುಡ್ಡಕ್ಕೆ ಅಂಟಿದ ವಿಶೇಷಣಗಳ ಕಥೆಯೂ ಇಂಥದೇ.

ಪದದ ಹುಟ್ಟು

ಲ್ಯಾಟಿನ್ ಭಾಷೆಯಲ್ಲಿ ಕರಡಿಗೆ ‘ಉರ್ಸುಸ್’ ಎಂದು ಹೆಸರು, ಹೆಣ್ಣುಕರಡಿ ‘ಉರ್ಸಾ’. ಈ ಪದ ಕನ್ನಡಿಗರಿಗೆ ತೋರುವಷ್ಟು ಪರಕೀಯವಾದುದಲ್ಲ. ಸಂಸ್ಕೃತದ ‘ಋಕ್ಷ’, ಗ್ರೀಕಿನ ‘ಆರ್ಕ್ಟೋಸ್’, ಲ್ಯಾಟಿನ್ನಿನ ‘ಉರ್ಸುಸ್’ ಈ ಮೂರೂ ಒಂದೇ ಮೂಲದಿಂದ ಕವಲೊಡೆದ ಪದಗಳೆಂದು ಭಾಷಾಶಾಸ್ತ್ರಜ್ಞರು ಒಪ್ಪಿದ್ದಾರೆ. ರಾಮಾಯಣದಲ್ಲಿ ಜಾಂಬವಂತನು ಋಕ್ಷರಾಜ, ಅಂದರೆ ಕರಡಿಗಳ ಒಡೆಯ. ಆತನು ಸುಗ್ರೀವನ ಪಕ್ಷದಲ್ಲಿದ್ದ ಕಿಷ್ಕಿಂಧೆಯನ್ನು ಪರಂಪರೆಯು ಗುರುತಿಸುವುದು ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಪರಿಸರದಲ್ಲಿ. ಹಿಟ್ನಾಳದವರಿಗೆ ಅದು ನೆರೆಯ ಊರು. ಕಥೆಯ ಋಕ್ಷರೂ ಕಣ್ಣೆದುರಿನ ಕರಡಿಗಳೂ ಇಲ್ಲಿ ಒಂದೇ ಬಂಡೆಗಳ ನಡುವೆ ಇವೆ.

ಆಕಾಶದಲ್ಲಿಯೂ ಈ ಬಂಧುತ್ವ ಉಳಿದುಕೊಂಡಿದೆ. ಉತ್ತರ ದಿಕ್ಕಿನಲ್ಲಿ ಕಾಣುವ ಸಪ್ತರ್ಷಿಗಳನ್ನೊಳಗೊಂಡ ನಕ್ಷತ್ರಪುಂಜವನ್ನು ಲ್ಯಾಟಿನ್ ಭಾಷೆಯು ‘ಉರ್ಸಾ ಮಾಯೋರ್’, ಎಂದರೆ ದೊಡ್ಡ ಹೆಣ್ಣುಕರಡಿ ಎಂದು ಕರೆಯುತ್ತದೆ. ಈ ಸಪ್ತರ್ಷಿಗಳಿಗೆ ಹಿಂದೆ ‘ಋಕ್ಷಾಃ’ ಎಂಬ ಹೆಸರಿತ್ತೆಂದು ಶತಪಥ ಬ್ರಾಹ್ಮಣವು ತಿಳಿಸುತ್ತದೆ. ಗ್ರೀಕರ ‘ಆರ್ಕ್ಟೋಸ್’ನಿಂದ ‘ಆರ್ಕ್ಟಿಕೋಸ್’ ಎಂಬ ವಿಶೇಷಣ ಹುಟ್ಟಿತು. ಕರಡಿ ನಕ್ಷತ್ರಗಳ ಕೆಳಗಿನ ದಿಕ್ಕು ಎಂಬ ಅರ್ಥದಲ್ಲಿ ಅದೇ ಉತ್ತರಧ್ರುವ ಪ್ರದೇಶಕ್ಕೆ ಆರ್ಕ್ಟಿಕ್ ಎಂಬ ಹೆಸರಾಯಿತು. ಭೂಗೋಳದ ಪಾಠದಲ್ಲಿ ಮಕ್ಕಳು ಕಲಿಯುವ ಆ ಪದದ ಒಳಗೂ ಒಂದು ಕರಡಿ ಇದೆ.

ಇನ್ನು ಪ್ರತ್ಯಯದ ಮಾತು. ‘ಉರ್ಸುಸ್’ ಎಂಬ ನಾಮಪದದ ಪ್ರಕೃತಿಗೆ ‘-ಈನುಸ್’ ಎಂಬ ಪ್ರತ್ಯಯ ಸೇರಿದಾಗ ‘ಉರ್ಸೀನುಸ್’ ಎಂಬ ವಿಶೇಷಣ ಸಿದ್ಧವಾಗುತ್ತದೆ. ಪ್ರಾಣಿಗಳ ಹೆಸರಿನಿಂದ ವಿಶೇಷಣ ಮಾಡುವುದಕ್ಕೆ ಲ್ಯಾಟಿನ್ನಿಗೆ ಬಹಳ ಪ್ರಿಯವಾದ ಪ್ರತ್ಯಯವಿದು. ನಾಯಿಗೆ ಸಂಬಂಧಿಸಿದುದು ‘ಕನೀನುಸ್’, ಕುದುರೆಗೆ ಸಂಬಂಧಿಸಿದುದು ‘ಎಕ್ವೀನುಸ್’, ತೋಳಕ್ಕೆ ಸಂಬಂಧಿಸಿದುದು ‘ಲುಪೀನುಸ್’. ದೇವರಿಗೆ ಸಂಬಂಧಿಸಿದ ‘ದಿವೀನುಸ್’, ಕಡಲಿಗೆ ಸಂಬಂಧಿಸಿದ ‘ಮರೀನುಸ್’ ಪದಗಳಲ್ಲಿಯೂ ಇದೇ ಪ್ರತ್ಯಯ. ಸಂಸ್ಕೃತ ಬಲ್ಲವರಿಗೆ ಇದು ಕುಲ ಎಂಬುದರಿಂದ ಕುಲೀನ, ಗ್ರಾಮ ಎಂಬುದರಿಂದ ಗ್ರಾಮೀಣ ಆಗುವ ಕ್ರಮವನ್ನು ನೆನಪಿಸುತ್ತದೆ. ಪ್ರತ್ಯಯದ ಈಕಾರ ದೀರ್ಘವಾದುದು. ಆದ್ದರಿಂದ ಉಚ್ಚಾರಣೆಯ ಒತ್ತು ನಡುವಿನ ‘ಸೀ’ ಅಕ್ಷರದ ಮೇಲೆ ಬೀಳುತ್ತದೆ.

ಪದದ ಅರ್ಥ

‘ಉರ್ಸೀನುಸ್’ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳನ್ನು ಹೇಳಬೇಕಾಗುತ್ತದೆ. ಒಂದು ‘ಕರಡಿಯ’, ಅಂದರೆ ಕರಡಿಗೆ ಸೇರಿದ. ಇನ್ನೊಂದು ‘ಕರಡಿಯಂಥ’, ಅಂದರೆ ಕರಡಿಯನ್ನು ಹೋಲುವ. ಕನ್ನಡವು ಷಷ್ಠೀ ವಿಭಕ್ತಿಯಿಂದ ಒಂದನ್ನೂ ‘ಅಂಥ’ ಎಂಬುದರಿಂದ ಇನ್ನೊಂದನ್ನೂ ಬೇರ್ಪಡಿಸಿ ಹೇಳುತ್ತದೆ. ಲ್ಯಾಟಿನ್ ವಿಶೇಷಣ ಎರಡನ್ನೂ ಒಂದೇ ರೂಪದಲ್ಲಿ ಅಡಗಿಸಿಕೊಳ್ಳುತ್ತದೆ. ಸಂದರ್ಭವನ್ನು ನೋಡಿಯೇ ಅರ್ಥವನ್ನು ನಿಶ್ಚಯಿಸಬೇಕು.

ಪ್ರಾಚೀನ ರೋಮನರ ಬರವಣಿಗೆಯಲ್ಲಿ ಮೊದಲನೆಯ ಅರ್ಥವೇ ಹೆಚ್ಚು. ಕ್ರಿ.ಶ. ಮೊದಲನೆಯ ಶತಮಾನದ ಪ್ಲಿನಿ ತನ್ನ ನಿಸರ್ಗ ಚರಿತ್ರೆಯ ಗ್ರಂಥದಲ್ಲಿ ಕರಡಿಯ ಕೊಬ್ಬನ್ನು ಕೂದಲುದುರುವುದಕ್ಕೆ ಮದ್ದೆಂದು ದಾಖಲಿಸಿದ್ದಾನೆ. ಅಂಥ ಕೊಬ್ಬಿಗೆ ಹಚ್ಚುವ ವಿಶೇಷಣ ‘ಉರ್ಸೀನುಸ್’. ಅದೇ ಶತಮಾನದ ಪೆಟ್ರೋನಿಯಸನ ಕೃತಿಯಲ್ಲಿ ಒಂದು ಔತಣದ ವರ್ಣನೆಯುಂಟು. ಅಲ್ಲಿ ‘ಉರ್ಸೀನಾ’ ಎಂಬ ಸ್ತ್ರೀಲಿಂಗ ರೂಪ ಒಂಟಿಯಾಗಿ ಬಂದು ಕರಡಿಯ ಮಾಂಸವೆಂಬ ಅರ್ಥವನ್ನು ಕೊಡುತ್ತದೆ. ಮಾಂಸವೆಂಬ ನಾಮಪದ ಲ್ಯಾಟಿನ್ನಿನಲ್ಲಿ ಸ್ತ್ರೀಲಿಂಗವಾದುದರಿಂದ, ಆ ಪದವನ್ನು ಬಾಯಿಬಿಟ್ಟು ಹೇಳದಿದ್ದರೂ ವಿಶೇಷಣದ ರೂಪವೇ ಅದನ್ನು ಸೂಚಿಸುತ್ತದೆ. ಸಂತೆಯಲ್ಲಿ ಎಳ್ಳು ಕೊಳ್ಳುವವರು ‘ಕರಿದು ಬೇಡ, ಬಿಳಿದು ಕೊಡಿ’ ಎಂದರೆ ಎಳ್ಳೆಂಬ ಪದವನ್ನು ಆಡದೆಯೇ ಅರ್ಥವಾಗುವುದಿಲ್ಲವೆ? ಅದರಂತೆಯೇ ಇದೂ.

ಹದಿನೆಂಟನೆಯ ಶತಮಾನದ ನಿಸರ್ಗ ವಿಜ್ಞಾನಿಗಳ ಕೈಗೆ ಬಂದಾಗ ಎರಡನೆಯ ಅರ್ಥ ಮುಂದಾಯಿತು. ಕಾಣದ ದೇಶದ ಪ್ರಾಣಿಯನ್ನು ಕಂಡ ಪ್ರಾಣಿಯೊಂದಿಗೆ ಹೋಲಿಸಿ ಹೆಸರಿಡುವುದು ಅವರ ವಾಡಿಕೆ. ಉತ್ತರ ಪೆಸಿಫಿಕ್ ಸಾಗರದ ಒಂದು ಸೀಲ್ ಪ್ರಾಣಿಯನ್ನು ಸ್ವೀಡನ್ನಿನ ಲಿನ್ನೇಯಸ್ 1758ರಲ್ಲಿ ‘ಫೋಕಾ ಉರ್ಸೀನಾ’ ಎಂದು ಹೆಸರಿಸಿದನು: ಕರಡಿಯಂಥ ಸೀಲ್. ದಕ್ಷಿಣ ಆಫ್ರಿಕದ ಒಂದು ದೊಡ್ಡ ಬಬೂನ್ ಕೋತಿಯೂ ‘ಪಾಪಿಯೋ ಉರ್ಸೀನುಸ್’ ಎನಿಸಿಕೊಂಡಿತು: ಕರಡಿಯಂಥ ಬಬೂನ್. ಇವೆರಡೂ ಕರಡಿಗಳಲ್ಲ, ಹೋಲಿಕೆಯಷ್ಟೇ ಇಲ್ಲಿಯ ಉದ್ದೇಶ. ಹೀಗೆ ಕರಡಿಯಲ್ಲದ ಪ್ರಾಣಿಗಳಿಗೆ ಸಲ್ಲುವ ವಿಶೇಷಣವು ಸಾಕ್ಷಾತ್ ಕರಡಿಗೇ ಬಂದು ಸೇರಿದ್ದು ಹೇಗೆ ಎಂಬುದನ್ನು ತಿಳಿಯಲು ಮೊದಲು ಅದರ ವ್ಯಾಕರಣವನ್ನು ನೋಡಬೇಕು.

ಪದದ ವ್ಯಾಕರಣ

ಲ್ಯಾಟಿನ್ನಿನಲ್ಲಿ ವಿಶೇಷಣವು ಸ್ವತಂತ್ರವಲ್ಲ. ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅದು ಅನುಸರಿಸಲೇಬೇಕು. ಸಂಸ್ಕೃತದ ಪಾಠದಲ್ಲಿಯೂ ಇದೇ ನಿಯಮವಿದೆ: ಸುಂದರಃ, ಸುಂದರೀ, ಸುಂದರಮ್. ಅದರಂತೆ ಪುಲ್ಲಿಂಗಕ್ಕೆ ‘ಉರ್ಸೀನುಸ್’, ಸ್ತ್ರೀಲಿಂಗಕ್ಕೆ ‘ಉರ್ಸೀನಾ’, ನಪುಂಸಕಲಿಂಗಕ್ಕೆ ‘ಉರ್ಸೀನುಮ್’. ಷಷ್ಠೀ ವಿಭಕ್ತಿಯಲ್ಲಿ ಇವು ಅನುಕ್ರಮವಾಗಿ ‘ಉರ್ಸೀನೀ’, ‘ಉರ್ಸೀನೇ’, ‘ಉರ್ಸೀನೀ’ ಎಂದಾಗುತ್ತವೆ. ಜೀವಿಗಳ ಶಾಸ್ತ್ರೀಯ ನಾಮದಲ್ಲಿ ಮಾತ್ರ ವಿಶೇಷಣವು ಯಾವಾಗಲೂ ಪ್ರಥಮಾ ವಿಭಕ್ತಿ, ಏಕವಚನದಲ್ಲಿಯೇ ಇರುತ್ತದೆ, ಬದಲಾಗುವುದು ಲಿಂಗವೊಂದೇ.

ಕನ್ನಡದ ಕ್ರಮ ಬೇರೆ. ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಕರಡಿ. ಇಲ್ಲಿ ‘ದೊಡ್ಡ’ ಎಂಬುದು ಕದಲುವುದಿಲ್ಲ. ಆದರೆ ನಾಮಪದವನ್ನು ಬಿಟ್ಟು ಹೇಳುವಾಗ ದೊಡ್ಡವನು, ದೊಡ್ಡವಳು, ದೊಡ್ಡದು ಎಂದು ಮೂರು ರೂಪಗಳಾಗುತ್ತವೆ. ‘ಉರ್ಸೀನುಸ್, ಉರ್ಸೀನಾ, ಉರ್ಸೀನುಮ್’ ಎಂಬ ಮೂರನ್ನು ಈ ಮೂರರ ಜೊತೆಗಿಟ್ಟು ನೋಡಿದರೆ ಲ್ಯಾಟಿನ್ನಿನ ರೀತಿ ಕನ್ನಡಿಗರಿಗೆ ಸುಲಭವಾಗಿ ಮನವರಿಕೆಯಾಗುತ್ತದೆ. ಇನ್ನೊಂದು ವ್ಯತ್ಯಾಸವೂ ಉಂಟು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಮರ, ಕಲ್ಲು, ಕರಡಿಗಳೆಲ್ಲ ನಪುಂಸಕ. ಲ್ಯಾಟಿನ್ನಿನಲ್ಲಿ ಲಿಂಗವು ಪದಕ್ಕೆ ಸೇರಿದ್ದು.

ಮೇಲೆ ಹೇಳಿದ ಸೀಲ್ ಪ್ರಾಣಿಯೇ ಇದಕ್ಕೆ ಒಳ್ಳೆಯ ದೃಷ್ಟಾಂತ. ‘ಫೋಕಾ’ ಸ್ತ್ರೀಲಿಂಗವಾದುದರಿಂದ ಲಿನ್ನೇಯಸನು ‘ಉರ್ಸೀನಾ’ ಎಂದು ಬರೆದನು. ಮುಂದೆ ಆ ಪ್ರಾಣಿಯನ್ನು ‘ಕಲೋರೈನುಸ್’ ಎಂಬ ಬೇರೆ ಜಾತಿಗೆ ಸೇರಿಸಲಾಯಿತು. ಅದು ಪುಲ್ಲಿಂಗ. ಆದ್ದರಿಂದ ಹೆಸರು ‘ಕಲೋರೈನುಸ್ ಉರ್ಸೀನುಸ್’ ಎಂದಾಯಿತು. ಪ್ರಾಣಿಯಲ್ಲಿ ಏನೂ ಬದಲಾಗಲಿಲ್ಲ. ವಿಶೇಷ್ಯ ಬದಲಾಯಿತು, ವಿಶೇಷಣ ಅದರ ಹಿಂದೆ ನಡೆಯಿತು. ಯುರೋಪಿನ ಕಾಡುಬೆಳ್ಳುಳ್ಳಿಯ ಹೆಸರು ‘ಆಲಿಯುಮ್ ಉರ್ಸೀನುಮ್’. ಬೆಳ್ಳುಳ್ಳಿಯ ಹೆಸರಾದ ‘ಆಲಿಯುಮ್’ ನಪುಂಸಕವಾದುದರಿಂದ ಅಲ್ಲಿ ‘ಉಮ್’ ಬಂದಿದೆ.

ಈ ನಿಯಮವನ್ನು ತಿಳಿಯಲು ಯುರೋಪಿಗೇ ಹೋಗಬೇಕಾಗಿಲ್ಲ; ಊರ ಮುಂದಿನ ಮರಗಳಲ್ಲಿಯೂ ಅದು ಕಾಣುತ್ತದೆ. ಅರಳಿ ಮರ ‘ಫೀಕುಸ್ ರೆಲಿಗಿಯೋಸಾ’, ಹುಣಸೆ ಮರ ‘ತಮರಿಂಡುಸ್ ಇಂಡಿಕಾ’. ನಾಮಪದದ ಕೊನೆಯಲ್ಲಿ ‘ಉಸ್’ ಇದ್ದರೂ ವಿಶೇಷಣದ ಕೊನೆಯಲ್ಲಿ ‘ಆ’ ಏಕೆ? ಲ್ಯಾಟಿನ್ನಿನಲ್ಲಿ ಮರಗಳ ಹೆಸರುಗಳು, ರೂಪ ಹೇಗೇ ಇರಲಿ, ಸಾಮಾನ್ಯವಾಗಿ ಸ್ತ್ರೀಲಿಂಗ. ಶ್ರೀಗಂಧದ ‘ಸಾಂಟಲುಮ್’ ಮಾತ್ರ ನಪುಂಸಕವಾದುದರಿಂದ ಅದು ‘ಆಲ್ಬುಮ್’, ಬಿಳಿಯದು. ತುಂಗಭದ್ರೆಯ ನೀರುನಾಯಿ ‘ಲುಟ್ರೋಗಾಲೆ ಪೆರ್ಸ್ಪಿಕಿಲಾಟಾ’, ಕನ್ನಡಕ ಧರಿಸಿದವಳು. ಅದರ ಜಾತಿನಾಮ ಸ್ತ್ರೀಲಿಂಗ. ಇದೇ ನೀರುನಾಯಿಗಾಗಿ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹೊಳೆಯ ಭಾಗವನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಸಾವಿರದ ಏಳುನೂರ ತೊಂಬತ್ತೊಂದರ ತಪ್ಪು

ಈಗ ಕರಡಿಯ ಬಳಿಗೆ ಮರಳಬಹುದು. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಎಂಬ ಪ್ರಾಣಿಶಾಸ್ತ್ರಜ್ಞನು ಭಾರತದ ಈ ಪ್ರಾಣಿಯನ್ನು ವರ್ಣಿಸಿ ಅದಕ್ಕೆ ‘ಬ್ರಾಡಿಪುಸ್ ಉರ್ಸೀನುಸ್’ ಎಂದು ಹೆಸರಿಟ್ಟನು. ‘ಬ್ರಾಡಿಪುಸ್’ ಎಂದರೆ ನಿಧಾನ ಪಾದದ್ದು. ಅದು ದಕ್ಷಿಣ ಮತ್ತು ಮಧ್ಯ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ನೇತಾಡುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಜಾತಿನಾಮ. ಹೀಗಾಗಿ ಶಾ ಇಟ್ಟ ಹೆಸರಿನ ಅರ್ಥ ‘ಕರಡಿಯಂಥ ಸ್ಲಾತ್’. ಅಲ್ಲಿ ವಿಶೇಷಣದ ಆಯ್ಕೆಯಲ್ಲಿ ತಪ್ಪಿರಲಿಲ್ಲ, ಲಿಂಗವೂ ಸರಿಯಾಗಿತ್ತು. ತಪ್ಪಿದ್ದುದು ವಿಶೇಷ್ಯದಲ್ಲಿ. ಕರಡಿಯನ್ನು ಆತನು ಕರಡಿಯಲ್ಲವೆಂದು ತಿಳಿದುದರಿಂದಲೇ ಅದನ್ನು ಕರಡಿಯಂಥದು ಎನ್ನಬೇಕಾಯಿತು.

ತಪ್ಪಿಗೆ ಕಾರಣಗಳಿದ್ದವು. ಈ ಪ್ರಾಣಿಯ ಉಗುರುಗಳು ಬಹಳ ಉದ್ದ, ಬಾಗಿದವು. ಮೇಲಿನ ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇದಕ್ಕಿಲ್ಲ; ಬೇರೆ ಕರಡಿಗಳಿಗೆ 42 ಹಲ್ಲುಗಳಿದ್ದರೆ ಇದಕ್ಕೆ 40. ಉದ್ದ ಉಗುರು ಮತ್ತು ಹಲ್ಲಿನ ಕೊರತೆಯನ್ನು ಕಂಡು ವಿದ್ವಾಂಸರು ಅದನ್ನು ಸ್ಲಾತ್‌ಗಳ ಬಳಗಕ್ಕೆ ಸೇರಿಸಿದರು.

ಆದರೆ ಆ ಉಗುರಿನ, ಆ ಹಲ್ಲಿನ ಅರ್ಥ ಗುಡ್ಡದ ಮೇಲೆ ಸ್ಪಷ್ಟವಾಗಿ ತಿಳಿಯುತ್ತದೆ. ಉಗುರುಗಳಿರುವುದು ಹುತ್ತವನ್ನು ಅಗೆಯುವುದಕ್ಕೆ. ಅಗೆದ ಮೇಲೆ ಪ್ರಾಣಿಯು ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ತುಟಿಗಳನ್ನು ಕೊಳವೆಯಂತೆ ಮುಂದೆ ಚಾಚಿ, ಮೊದಲು ಧೂಳನ್ನು ಊದಿ ಅನಂತರ ಗೆದ್ದಲುಗಳನ್ನು ಹೀರಿಕೊಳ್ಳುತ್ತದೆ. ಹಲ್ಲಿಲ್ಲದ ಆ ಸಂದಿಯೇ ಹೀರುವ ದಾರಿ. ಆ ಸದ್ದು ನೂರು ಮೀಟರಿಗೂ ಆಚೆ ಕೇಳಿಸುತ್ತದೆ. ಲಂಡನ್ನಿನಲ್ಲಿ ಕೊರತೆಯೆಂದು ಕಂಡದ್ದು ಇಲ್ಲಿ ಒಂದು ಬದುಕಿನ ಸಾಧನ. ಪಾದದ ನಿಧಾನದ ಮಾತಂತೂ ಪೂರ್ತಿ ಸುಳ್ಳು. ಕರಡಿ ಮನುಷ್ಯನಿಗಿಂತ ವೇಗವಾಗಿ ಓಡಬಲ್ಲದೆಂಬುದನ್ನು ಅದರ ಎದುರಿಗೆ ಸಿಕ್ಕವರು ಬಲ್ಲರು.

ಎರಡೇ ವರ್ಷಗಳಲ್ಲಿ ತಪ್ಪು ತಿದ್ದುಪಡಿಯಾಯಿತು. 1793ರಲ್ಲಿ ಮೇಯರ್ ಎಂಬ ಜರ್ಮನ್ ವಿದ್ವಾಂಸನು ಇದು ಕರಡಿಯೇ ಎಂದು ಕಂಡು ‘ಮೆಲುರ್ಸುಸ್’ ಎಂಬ ಹೊಸ ಜಾತಿನಾಮವನ್ನು ರಚಿಸಿದನು. ಲ್ಯಾಟಿನ್ನಿನ ‘ಮೆಲ್’ ಎಂದರೆ ಜೇನು, ಆದ್ದರಿಂದ ಜೇನುಕರಡಿ. ಜೇನಿನ ಮೇಲೆ ಈ ಪ್ರಾಣಿಗಿರುವ ಆಸೆಯನ್ನು ಬಲ್ಲವರು ಈ ಹೆಸರನ್ನು ಒಪ್ಪುತ್ತಾರೆ. ರಷ್ಯನ್ ಭಾಷೆಯಲ್ಲಿ ಕರಡಿಗಿರುವ ‘ಮೆದ್ವೆದ್’ ಎಂಬ ಹೆಸರಿಗೂ ಜೇನು ತಿನ್ನುವುದು ಎಂದೇ ಅರ್ಥ. ಅದರ ‘ಮೆದ್’ ಸಂಸ್ಕೃತದ ‘ಮಧು’ವಿನ ಬಂಧು.

ಅನಂತರವೂ ಹೆಸರುಗಳು ಬಂದವು. 1817ರಲ್ಲಿ ಫ್ರಾನ್ಸಿನ ಬ್ಲಾಂವಿಲ್ ‘ಉರ್ಸುಸ್ ಲಾಬಿಯಾಟುಸ್’ ಎಂದನು, ದೊಡ್ಡ ತುಟಿಯ ಕರಡಿ. ಇಲ್ಲಿಗರ್ ‘ಪ್ರೋಕೈಲುಸ್ ಹಿರ್ಸೂಟುಸ್’ ಎಂದನು, ಜೊಂಪೆಗೂದಲಿನ ಮುಂಚಾಚು ತುಟಿಯದು. ಟೀಡೆಮನ್ ‘ಉರ್ಸುಸ್ ಲಾಂಗಿರೋಸ್ಟ್ರಿಸ್’ ಎಂದನು, ಉದ್ದ ಮೂತಿಯ ಕರಡಿ. ಈ ಕೊನೆಯ ವಿಶೇಷಣ ಬೇರೆ ವರ್ಗದ್ದು. ಪುಲ್ಲಿಂಗ ಸ್ತ್ರೀಲಿಂಗಗಳೆರಡಕ್ಕೂ ಅದಕ್ಕೆ ಒಂದೇ ರೂಪ. ತುಟಿ, ಕೂದಲು, ಮೂತಿ ಈ ಮೂರೂ ಪ್ರಾಣಿಯ ಮೈಯಲ್ಲಿ ನಿಜವಾಗಿ ಇರುವ ಲಕ್ಷಣಗಳು. ಮೂರು ವಿಶೇಷಣಗಳೂ ಸತ್ಯವೇ. ಆದರೂ ಮೂರರಲ್ಲಿ ಒಂದೂ ಉಳಿಯಲಿಲ್ಲ.

ತಪ್ಪು ಉಳಿದದ್ದು ಏಕೆ

ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯಲ್ಲಿ ಅಗ್ರತೆಯ ನಿಯಮವೊಂದಿದೆ. ಲಿನ್ನೇಯಸನ ಗ್ರಂಥದ 1758ರ ಹತ್ತನೆಯ ಆವೃತ್ತಿಯಿಂದ ಮೊದಲುಗೊಂಡು, ಒಂದು ಪ್ರಾಣಿಗೆ ಯಾರು ಮೊದಲು ಕ್ರಮಬದ್ಧವಾಗಿ ಹೆಸರಿಟ್ಟರೋ ಆ ಹೆಸರೇ ಸಾಮಾನ್ಯವಾಗಿ ಸಲ್ಲುತ್ತದೆ. ಜಾತಿ ತಪ್ಪಾಗಿದ್ದರೆ ಜಾತಿಯನ್ನು ಬದಲಿಸಬಹುದು. ಪ್ರಭೇದದ ವಿಶೇಷಣವನ್ನು, ಅದರ ಅರ್ಥ ಹೊಂದುವುದಿಲ್ಲವೆಂಬ ಕಾರಣಕ್ಕೆ ಬದಲಿಸುವಂತಿಲ್ಲ. ಹೊಸ ವಿಶೇಷ್ಯದ ಲಿಂಗಕ್ಕೆ ಹೊಂದಿಸಬೇಕು, ಅಷ್ಟೇ. ಹೀಗೆ ಶಾನ ವಿಶೇಷಣವು ಮೇಯರನ ಜಾತಿನಾಮದ ಪಕ್ಕಕ್ಕೆ ಬಂದು ನಿಂತಿತು. ‘ಬ್ರಾಡಿಪುಸ್’ ಪುಲ್ಲಿಂಗ, ‘ಮೆಲುರ್ಸುಸ್’ ಕೂಡ ಪುಲ್ಲಿಂಗ. ಆದಕಾರಣ ‘ಉರ್ಸೀನುಸ್’ ಒಂದಕ್ಷರವೂ ಬದಲಾಗದೆ ದಾಟಿ ಬಂದಿತು. ಪರಿಣಾಮವಾಗಿ ಹೆಸರಿನ ಅರ್ಥ ‘ಕರಡಿಯಂಥ ಜೇನುಕರಡಿ’ ಎಂದಾಯಿತು. ಇಂಗ್ಲಿಷಿನಲ್ಲಿಯೂ ಹಳೆಯ ತಪ್ಪು ‘ಸ್ಲಾತ್ ಬೇರ್’ ಎಂಬ ಹೆಸರಾಗಿ ಇಂದಿಗೂ ಉಳಿದಿದೆ.

ಇಂಥ ದ್ವಿರುಕ್ತಿ ಇದೊಂದೇ ಅಲ್ಲ. ಹುಣಸೆಯ ‘ತಮರಿಂಡುಸ್’ ಎಂಬ ಹೆಸರು ಅರಬ್ಬೀ ಭಾಷೆಯ ‘ತಮರ್ ಹಿಂದೀ’ ಎಂಬುದರಿಂದ ಬಂದುದು, ಅಂದರೆ ಹಿಂದೂಸ್ತಾನದ ಖರ್ಜೂರ. ಲಿನ್ನೇಯಸನು 1753ರಲ್ಲಿ ಅದರ ಮುಂದೆ ‘ಇಂಡಿಕಾ’ ಎಂದು ಸೇರಿಸಿದ್ದರಿಂದ ಅದು ‘ಹಿಂದೂಸ್ತಾನದ ಹಿಂದೂಸ್ತಾನೀ ಖರ್ಜೂರ’ವಾಯಿತು. ಅದು ಖರ್ಜೂರವಂತೂ ಅಲ್ಲ. ಅದರ ತವರು ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ.

ತಪ್ಪನ್ನು ತಿಳಿದೂ ಉಳಿಸಿಕೊಳ್ಳುವ ಈ ನಿಯಮ ವಿಚಿತ್ರವಾಗಿ ಕಾಣಬಹುದು. ಅದರ ಹಿಂದೆ ವಿವೇಕವೂ ಇದೆ. ಹೆಸರು ವರ್ಣನೆಯಲ್ಲ, ಗುರುತು. ಅರ್ಥ ಸರಿಯಿಲ್ಲವೆಂದು ಪ್ರತಿಯೊಬ್ಬರೂ ಹೊಸ ಹೆಸರಿಡತೊಡಗಿದರೆ ಒಂದು ದೇಶದವರ ಬರಹ ಇನ್ನೊಂದು ದೇಶದವರಿಗೆ ತಿಳಿಯದು. ಅಲ್ಲದೆ ಶಾಸ್ತ್ರವು ತನ್ನ ತಪ್ಪನ್ನು ಮುಚ್ಚಿಡುವುದಿಲ್ಲ. ‘ಮೆಲುರ್ಸುಸ್ ಉರ್ಸೀನುಸ್’ ಎಂಬುದರ ಮುಂದೆ ಶಾನ ಹೆಸರನ್ನೂ 1791 ಎಂಬ ವರ್ಷವನ್ನೂ ಕಂಸದೊಳಗೆ ಬರೆಯುತ್ತಾರೆ. ಮೊದಲು ಹೆಸರಿಟ್ಟವನು ಇದನ್ನು ಬೇರೊಂದು ಜಾತಿಯಲ್ಲಿ ಇಟ್ಟಿದ್ದನು, ಅನಂತರ ಅದು ಬದಲಾಯಿತು ಎಂಬುದಕ್ಕೆ ಆ ಕಂಸವೇ ಸಾಕ್ಷಿ. ಯಾರು, ಯಾವಾಗ ಹೇಳಿದರು, ಮುಂದೆ ಏನಾಯಿತು ಎಂಬುದನ್ನು ಓದಬಲ್ಲವರು ಓದಿಕೊಳ್ಳಬಹುದು. ಮುಖ್ಯವಾಗಿ, ಆ ತಪ್ಪಿನಿಂದ ಒಂದು ಕರಡಿಗೂ ನೋವಾಗಲಿಲ್ಲ.

ನೆಲಕ್ಕೆ ಅಂಟಿದ ವಿಶೇಷಣಗಳು

ಆದರೆ ಎಲ್ಲ ವಿಶೇಷಣಗಳೂ ಇಷ್ಟು ನಿರುಪದ್ರವಿಗಳಲ್ಲ. ಕರಡಿಯ ವಾಸವಿರುವುದು ಬಂಡೆಗಳ ಗವಿಯಲ್ಲಿ. ಹಗಲಿನ ಬಿಸಿಲನ್ನು ಅದು ಅಲ್ಲಿ ಕಳೆಯುತ್ತದೆ, ಅಲ್ಲಿಯೇ ಮರಿ ಹಾಕುತ್ತದೆ, ಅಲ್ಲಿಂದಲೇ ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊರಬರುತ್ತದೆ. ಕುರುಚಲು ಕಾಡಿನ ಬಾರೆ, ಕವಳೆ, ಕಕ್ಕೆಯ ಕಾಯಿಗಳನ್ನು ತಿಂದು ಅವುಗಳ ಬೀಜವನ್ನು ದೂರದೂರಕ್ಕೆ ಹರಡುತ್ತದೆ. ಇಂಥ ಬಂಡೆಗುಡ್ಡವನ್ನೂ ಕುರುಚಲನ್ನೂ ಸರಕಾರಿ ದಾಖಲೆಗಳು ಯಾವ ವಿಶೇಷಣಗಳಿಂದ ಕರೆಯುತ್ತವೆ?

ಕಂದಾಯದ ಕಾಗದಗಳಲ್ಲಿ ಸಾಗುವಳಿಗೆ ಬಾರದ ನೆಲಕ್ಕೆ ‘ಖರಾಬು’ ಎಂದು ಹೆಸರು. ಅರಬ್ಬೀ ಮೂಲದ ಈ ಪದಕ್ಕೆ ಹಾಳು, ಕೆಟ್ಟದ್ದು ಎಂದು ಅರ್ಥ. ಅಳತೆ ಮಾಡಿದವರು ಹೇಳಬಯಸಿದುದು ಇಷ್ಟೇ: ಈ ನೆಲದಿಂದ ಕಂದಾಯ ಬಾರದು. ಬರಬರುತ್ತ ಕೇಳಿದವರ ಕಿವಿಗೆ ಅದು ಈ ನೆಲ ಕೆಲಸಕ್ಕೆ ಬಾರದು ಎಂದು ಕೇಳಿಸಿತು. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಹೈದರಾಬಾದಿನ ದೂರಸಂವೇದಿ ಸಂಸ್ಥೆಯ ನೆರವಿನಿಂದ 2000ದಲ್ಲಿ ಮೊದಲ ಬಾರಿಗೆ ಹೊರತಂದ ಭಾರತದ ಪಾಳುಭೂಮಿಗಳ ನಕಾಶೆ ಪುಸ್ತಕದಲ್ಲಿಯೂ ಕುರುಚಲು ಭೂಮಿ ಒಂದು ವರ್ಗ, ಬರಡು ಬಂಡೆನೆಲ ಇನ್ನೊಂದು ವರ್ಗ. ಎರಡೂ ಪಾಳು. ಕರಡಿಯ ಊಟದ ಮನೆ ಮೊದಲನೆಯ ವರ್ಗಕ್ಕೆ ಸೇರಿತು, ಮಲಗುವ ಮನೆ ಎರಡನೆಯ ವರ್ಗಕ್ಕೆ ಸೇರಿತು.

‘ಬರಡು’ ಎಂಬ ವಿಶೇಷಣವು ಹೊಂದಬೇಕಾದ ವಿಶೇಷ್ಯ ಯಾವುದು? ಮರಿ ಹಾಕುವ ಗವಿಯೆ? ಮಳೆಗಾಲದ ನೀರನ್ನು ಹಿಡಿದಿಟ್ಟು ಕೆಳಗಿನ ಹೊಲಗಳಿಗೆ ಬಸಿಯುವ ಬಂಡೆಯ ಬಿರುಕೆ? ಕುರಿಗಳು ಮೇಯುವ ಇಳಿಜಾರೆ? ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಶಿಲಾಸಮಾಧಿಗಳಿವೆ. ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ತಮ್ಮ ಹಿರಿಯರಿಗಾಗಿ ಆ ಬಂಡೆಗಳನ್ನೇ ಆರಿಸಿಕೊಂಡರು. ಅವರಿಗೆ ಅದು ಪಾಳುನೆಲವೆಂದು ತೋರಿರಲಿಲ್ಲ. ಲ್ಯಾಟಿನ್ನಿನಲ್ಲಿ ವಿಶೇಷಣವು ವಿಶೇಷ್ಯಕ್ಕೆ ಹೊಂದದಿದ್ದರೆ ಸಂಹಿತೆಯು ಅದನ್ನು ತಿದ್ದಿಸುತ್ತದೆ. ‘ಖರಾಬು’, ‘ಪಾಳು’, ‘ಬರಡು’ ಎಂಬ ವಿಶೇಷಣಗಳಿಗೆ ಅಂಥ ಕಟ್ಟುಪಾಡಿಲ್ಲ. ಅವು ಯಾವ ವಿಶೇಷ್ಯವನ್ನೂ ನೋಡದೆ ಪಹಣಿಯಿಂದ ನಕಾಶೆಗೆ, ನಕಾಶೆಯಿಂದ ಅರ್ಜಿಗೆ, ಅರ್ಜಿಯಿಂದ ಗಣಿಗುತ್ತಿಗೆಯ ಕಾಗದಕ್ಕೆ ದಾಟುತ್ತವೆ.

ಅದರ ಫಲವನ್ನು ಉಣ್ಣುವವರು ಗುಡ್ಡದ ಬುಡದ ಊರಿನವರು. ಬಂಡೆ ಒಡೆದು ಗವಿ ಹೋದಾಗ ಕರಡಿ ಇಲ್ಲವಾಗುವುದಿಲ್ಲ, ಕೆಳಗಿಳಿಯುತ್ತದೆ. ನಸುಕಿನಲ್ಲಿ ಹೊಲಕ್ಕೆ ಹೊರಟವರಿಗೂ ರಾತ್ರಿ ನೀರು ಹಾಯಿಸಲು ಹೋದವರಿಗೂ ಅದು ಎದುರಾಗುತ್ತದೆ. ದೃಷ್ಟಿ ಮಂದವಾದ, ಬೆದರಿದರೆ ಮೇಲೆ ಬೀಳುವ ಪ್ರಾಣಿಯದು. ಮುಖಕ್ಕೂ ತಲೆಗೂ ಆಗುವ ಗಾಯ ಮನುಷ್ಯನ ಬದುಕನ್ನೇ ಕೆಡಿಸುತ್ತದೆ. ಆಗ ಇನ್ನೊಂದು ವಿಶೇಷಣ ಹುಟ್ಟುತ್ತದೆ: ‘ನರಹಂತಕ ಕರಡಿ’. ಗಾಯಗೊಂಡವರ ಸಂಕಟವನ್ನು ಕಡೆಗಣಿಸಿ ಕರಡಿಯ ಪರವಾಗಿ ಮಾತನಾಡುವುದು ಸಲ್ಲದು. ಆದರೆ ಗೆದ್ದಲು ಮತ್ತು ಹಣ್ಣು ತಿಂದು ಬದುಕುವ ಜೀವಿಗೆ ಈ ವಿಶೇಷಣವೂ ಹೊಂದುವುದಿಲ್ಲ. ‘ಬರಡು’ ಎಂಬ ತಪ್ಪು ಗುಡ್ಡದ ಮೇಲೆ ಮೊದಲಾಗಿ, ಅದರ ಬೆನ್ನಿಗೆ ‘ನರಹಂತಕ’ ಎಂಬ ತಪ್ಪು ಊರಿನಲ್ಲಿ ಹುಟ್ಟುತ್ತದೆ.

ಹೊಂದುವ ಮಾತನ್ನು ಹುಡುಕಿದ ಉದಾಹರಣೆಗಳೂ ಉಂಟು. ಹೊಳೆಯ ಆಚೆ, ಕಮಲಾಪುರದ ಸಮೀಪದ ಬಿಳಿಕಲ್ಲು ಅರಣ್ಯದ ಸುಮಾರು 5,587 ಹೆಕ್ಟೇರ್ ಪ್ರದೇಶವನ್ನು 1994ರಲ್ಲಿ ದರೋಜಿ ಕರಡಿಧಾಮವೆಂದು ಘೋಷಿಸಲಾಯಿತು. ಅದೂ ಬಂಡೆಗುಡ್ಡ ಮತ್ತು ಕುರುಚಲಿನ ನೆಲವೇ. 2013ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿಯೂ ಕರಡಿಧಾಮವಾಯಿತು. ಅಲ್ಲಿ ಬದಲಾದುದು ಬಂಡೆಯಲ್ಲ, ಬಂಡೆಯನ್ನು ಕರೆಯುವ ಪದ. ಆ ನೆಲವನ್ನು ‘ಕರಡಿಯ’ ನೆಲವೆಂದು ಕರೆಯಲಾಯಿತು. ಲ್ಯಾಟಿನ್ನಿನಲ್ಲಿ ಹೇಳುವುದಾದರೆ ಅದೇ ‘ಉರ್ಸೀನುಸ್’, ಅದರ ಮೊದಲನೆಯ ಅರ್ಥದಲ್ಲಿ.

ಆದರೆ ಕೊಪ್ಪಳ ಸೀಮೆಯ ಹೆಚ್ಚಿನ ಗುಡ್ಡಗಳು ಧಾಮಗಳಲ್ಲ, ಎಲ್ಲವೂ ಧಾಮವಾಗಬೇಕಾಗಿಯೂ ಇಲ್ಲ. ಊರಿನ ದನಕರು, ಕುರಿ, ಸೌದೆ, ದೇವರ ಜಾತ್ರೆಗಳಿಗೆ ಅವು ಬೇಕು. ಬೇಕಾದುದು ಇಷ್ಟು: ಪ್ರತಿ ಗುಡ್ಡಕ್ಕೂ ಊರಿನವರೇ ತಮ್ಮ ಪದಗಳಲ್ಲಿ ಒಂದು ದಾಖಲೆ ಬರೆಯಬೇಕು. ಯಾವ ಬಂಡೆಯಲ್ಲಿ ಗವಿ, ಯಾವ ಸಂದಿಯಲ್ಲಿ ಊಟೆ, ಯಾವ ಇಳಿಜಾರಿನಲ್ಲಿ ಬಾರೆ, ಯಾವ ಕಾಲದಲ್ಲಿ ಕರಡಿ ಇಳಿಯುತ್ತದೆ ಎಂಬುದನ್ನು ಕುರಿಗಾಹಿಗಳನ್ನು ಕೇಳಿ ಬರೆದಿಡಬೇಕು. 2002ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯ ಸಂಸ್ಥೆಗಳ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ಅವಕಾಶ ಕೊಟ್ಟಿದೆ. ಜನತಾ ಜೀವವೈವಿಧ್ಯ ದಾಖಲಾತಿ ಆ ಸಮಿತಿಗಳ ಕೆಲಸವಾಗಿದೆ. ‘ಬರಡು’ ಎಂಬ ಕಾಗದ ಮೇಜಿನ ಮೇಲೆ ಬಂದಾಗ ಅದರ ಎದುರಿಗೆ ಇಡಲು ಇನ್ನೊಂದು ಕಾಗದವಿರಬೇಕು.

1791ರಲ್ಲಿ ಈ ದೇಶದ ಹಳ್ಳಿಗರನ್ನು ಕೇಳಿದ್ದರೆ ಅವರು ಇದು ಕರಡಿ ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಅಂದು ಯಾರೂ ಕೇಳಲಿಲ್ಲ. ಆ ತಪ್ಪನ್ನು ಎರಡೇ ವರ್ಷಗಳಲ್ಲಿ ತಿದ್ದಲು ಸಾಧ್ಯವಾದುದಕ್ಕೆ ಕಾರಣ, ತಿದ್ದುವುದಕ್ಕೆ ಕರಡಿ ಇನ್ನೂ ಇತ್ತು. ಒಡೆದು ಜಲ್ಲಿಯಾಗಿ ಲಾರಿಯಲ್ಲಿ ಸಾಗಿಹೋದ ಗುಡ್ಡದ ವಿಶೇಷಣವನ್ನು ಅನಂತರ ತಿದ್ದಿ ಪ್ರಯೋಜನವಿಲ್ಲ. ಗುಡ್ಡ ನಿಂತಿರುವಾಗಲೇ ಅದಕ್ಕೆ ಹೊಂದುವ ಮಾತನ್ನು ದಾಖಲೆಯಲ್ಲಿ ಬರೆಸುವ ಕೆಲಸ ಹಿಟ್ನಾಳದಿಂದಲೇ ಆರಂಭವಾಗಲಿ.